ಗಾಳಿಯಂತ್ರಕ್ಕೆ ನಾನು ತೋರಿದ ಅಕ್ಕರೆ

ಅಳತೆಯ ಸಾಧನಗಳ ವಿಷಯದಲ್ಲಿ ನಾನು ಮಹಾ ಮಡಿವಂತ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ, ಲೇತಿನಿಂದ ಇಳಿದ ಬಿಡಿಭಾಗಗಳನ್ನು ಅಳೆದು ಪಾಸು-ಫೇಲು ಮಾಡುವುದು ನನ್ನ ಕೆಲಸ. ಮೈಕ್ರೋಮೀಟರನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯೊಳಗೆ ಮಲಗಿಸಿದ ಮೇಲೆಯೇ ನನಗೆ ಟೀ ಗಂಟಲಲ್ಲಿ ಇಳಿಯುವುದು. ಧೂಳು ಕೂತ ಸಾಧನ ಸುಳ್ಳು ಹೇಳುತ್ತದೆ ಎಂದು ಹೊಸಬರಿಗೆಲ್ಲ ಪಾಠ ಮಾಡುತ್ತೇನೆ. ಮನೆಯಲ್ಲೂ ಇದೇ ಶಿಸ್ತು. ಟಿ.ವಿ. ರಿಮೋಟಿಗೆ ಪ್ಲಾಸ್ಟಿಕ್ ಕವರು. ಸ್ಕೂಟರಿನ ಸೀಟಿಗೆ ಅಂಗಡಿಯವರು ಹಾಕಿಕೊಟ್ಟದ್ದು ಇನ್ನೂ ಹಾಗೇ ಇದೆ. ಮದುವೆಯ ದಿನ ತನಗೊಂದು ಕವರು ಹಾಕುವುದನ್ನು ಮಾತ್ರ ನಾನು ಮರೆತೆನೆಂದು ನನ್ನಾಕೆ ಮಂಗಳಾ ಆಗಾಗ ಅನ್ನುವುದುಂಟು.

ಇಂಥ ನನ್ನ ಬಾಲ್ಕನಿಗೇ ಗಾಳಿ ಅಳೆಯುವ ಯಂತ್ರ ಬಂತು. ತುಮಕೂರು ರಸ್ತೆಯ ಸಿಗ್ನಲ್ಲು ತಪ್ಪಿಸಲು ಲಾರಿಗಳು ದಾಸರಹಳ್ಳಿಯ ನಮ್ಮ ಕ್ರಾಸಿಗೆ ನುಗ್ಗತೊಡಗಿ, ಪಕ್ಕದ ಮನೆಯ ಪುಟ್ಟಮ್ಮಜ್ಜಿಯ ಉಬ್ಬಸ ವಿಪರೀತವಾಗಿತ್ತು. ಲಾರಿ ನಿಲ್ಲಿಸಿ ಎಂದು ಕೇಳಹೋದರೆ, ಹೊಗೆಗೆ ಸಾಕ್ಷಿ ಏನು ಅಂದರಂತೆ ಪೊಲೀಸರು. ಅಜ್ಜಿಯ ಮಗ ಗಂಗಾಧರ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ. ಅವನು ಯಾರನ್ನೋ ಕಾಡಿ ಬೇಡಿ ಈ ಯಂತ್ರ ತಂದ. ಗಾಳಿ ಚೆನ್ನಾಗಿದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು. ಅಂಕಿಗಳು ನೇರ ಅವನ ಮೊಬೈಲಿಗೇ ಹೋಗುತ್ತವೆ. ಅಳತೆ ಅಂದರೆ ನೀವೇ ಎಂದು ಅವನು ಅದನ್ನು ನನ್ನ ಕೈಗಿತ್ತಾಗ ಎದೆ ಉಬ್ಬಿತು. ಬಾಲ್ಕನಿಯಲ್ಲಿ ತೂಗುಹಾಕಿ, ನನ್ನ ಪದ್ಧತಿಯ ಪ್ರಕಾರ ಜೋಪಾನ ಮಾಡಿದೆ.

ಅಂದಿನಿಂದ ದೀಪ ಹಸಿರೋ ಹಸಿರು. ಕೆಳಗೆ ಲಾರಿಗಳು ಕರಿಹೊಗೆ ಕಾರುತ್ತಿದ್ದರೂ ಮೇಲೆ ಹಸಿರು. ಗಂಗಾಧರ ತಲೆ ಕೆರೆದುಕೊಂಡ. ನಾನು ಮಾತ್ರ ಕಾರಣ ಹುಡುಕಿಬಿಟ್ಟಿದ್ದೆ: ಮಂಗಳಾ ಕುಂಡಗಳಲ್ಲಿ ಬೆಳೆಸಿದ ದೊಡ್ಡಪತ್ರೆ. ಸಂಘದ ಸಭೆಯಲ್ಲಿ ಅದರ ಮಹಿಮೆ ಕುರಿತು ಭಾಷಣ ಬಿಗಿದೆ. ಮರುದಿನವೇ ಕ್ರಾಸಿನವರೆಲ್ಲ ಕಡ್ಡಿ ಕೇಳಿಕೊಂಡು ಬಂದರು. ಪುಟ್ಟಮ್ಮಜ್ಜಿಯಂತೂ ಪ್ರತಿ ಸಂಜೆ ನಮ್ಮ ಬಾಲ್ಕನಿಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂರತೊಡಗಿದರು.

"ನಿಮ್ಮನೇಲಿ ಉಸ್ರು ಅಗುರಾಗಿ ಆಡ್ತದೆ ಕಣಪ್ಪ" ಅಂದರು.

ನನಗೂ ಹೌದೆನಿಸಿತು. ಎಷ್ಟೋ ವರ್ಷದಿಂದ ಕಾಡುತ್ತಿದ್ದ ನನ್ನ ಕೆಮ್ಮೂ ನಿಂತುಹೋಗಿತ್ತು.

ಅಂಕಿಗಳನ್ನು ಹಿಡಿದು ಪೊಲೀಸರ ಮುಂದೆ ಹೋಗಬೇಕಾದ ದಿನದ ಹಿಂದಿನ ಸಂಜೆ ಗಂಗಾಧರ ಸಪ್ಪೆ ಮುಖ ಹೊತ್ತು ಬಂದ. ಈ ಅಂಕಿ ತೋರಿಸಿದರೆ ಲಾರಿಗಳಿಗೆ ಸ್ವಾಗತ ಕಮಾನು ಕಟ್ಟಿಸಿಕೊಡುತ್ತಾರೆ ಎಂದು ಗೊಣಗುತ್ತ ಯಂತ್ರದ ಮುಂದೆ ಹೋಗಿ ನಿಂತ. ಬೆರಳಿನಿಂದ ಅದನ್ನು ಮುಟ್ಟಿ ನೋಡಿದ.

"ಸಾರ್, ಇದಕ್ಯಾಕೆ ಕವರ್ ಹಾಕಿದೀರ?"

"ಒಳಗೆ ಧೂಳು ಹೋಗ್ಬಾರ್ದಲ್ಲಪ್ಪ."

"ಧೂಳು ಅಳೆಯೋಕೇ ತಂದಿದ್ದು ಸಾರ್."

ಒಳಗಿನಿಂದ ಮಂಗಳಾ ನಕ್ಕದ್ದು ಇಡೀ ಕ್ರಾಸಿಗೆ ಕೇಳಿಸಿರಬೇಕು. ನನ್ನ ಪರವಾಗಿ ಇಷ್ಟು ಹೇಳಬಹುದು: ಅಷ್ಟು ಜನ ಬಂದು ನೋಡಿ ಹೋದರೂ ಒಬ್ಬರಿಗೂ ಆ ಕವರು ವಿಚಿತ್ರವಾಗಿ ಕಂಡಿರಲಿಲ್ಲ. ಅವರ ರಿಮೋಟುಗಳೂ ಕವರಿನಲ್ಲೇ ಇವೆ.

ಕವರು ಬಿಚ್ಚಿದೆವು. ದೀಪ ಹಳದಿಗೆ ತಿರುಗಿತು. ಒಂದು ಲಾರಿ ಹಾದದ್ದೇ ಕೆಂಪಾಯಿತು. ಗಂಗಾಧರನ ಮುಖ ಅರಳಿತು. ಗಾಳಿ ಸಕ್ಕತ್ತಾಗಿ ಕೆಟ್ಟಿದೆ, ಒಂದು ವಾರ ಹೀಗೇ ಬಂದರೆ ಸಾಕು, ಪೊಲೀಸರ ಹತ್ತಿರ ಆಮೇಲೆ ಹೋಗೋಣ ಎಂದ. ಕುರ್ಚಿಯಲ್ಲಿದ್ದ ಅಜ್ಜಿ ಕೆಂಪು ದೀಪವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡರು. ಇಷ್ಟು ದಿನ ಈ ಹೊಗೆಯಲ್ಲೇ ಅವರನ್ನು ಕೂರಿಸಿದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ತಪ್ಪಾಯಿತು ಅಜ್ಜಿ ಎನ್ನಲು ಬಾಯಿ ತೆರೆದೆ. ಹೊರಗೆ ಬಂದದ್ದು, ದೀಪ ಹಸಿರಾಗಿದ್ದಷ್ಟು ದಿನವೂ ಸುಮ್ಮನಿದ್ದ ನನ್ನ ಹಳೆಯ ಕೆಮ್ಮು.