ಕಿಟಕಿ ಪಕ್ಕದ ಬಂಟ

ಸ್ನಾನಕ್ಕೆ ಹೋಗುವ ಮುಂಚೆ ಸಿದ್ದರಾಮೇಶ ತನ್ನ ಕೆಲಸದ ಚೀಲವನ್ನು ಹೆಂಡತಿ ತನುಶ್ರೀಯ ಕೈಗೆ ಕೊಟ್ಟು, ಇದರಲ್ಲಿರುವುದನ್ನೆಲ್ಲ ಆಯುಧಪೂಜೆಗೆ ಇಡು ಎಂದು ಹೇಳಿದ. ಅವನು ಮಾಡಿದ ತಪ್ಪು ಅಷ್ಟೇ. ಚೀಲದಲ್ಲಿ ಕತ್ತರಿಯಿತ್ತು, ಅಳತೆಯ ಟೇಪಿತ್ತು, ಬಾಬಿನ್ ಡಬ್ಬಿಯಿತ್ತು. ಎಲ್ಲದರ ತಳದಲ್ಲಿ ಕರ್ಚೀಫು ಹೊದ್ದುಕೊಂಡು ಬಂಟ ಮಲಗಿದ್ದ.

ಬಂಟನೆಂದರೆ ಅಂಗೈ ಎತ್ತರದ ಪ್ಲಾಸ್ಟಿಕ್ ಗೊಂಬೆ. ಗಿಡ್ಡ ಮೈ, ಎದೆ ಮುಚ್ಚುವ ಗಡ್ಡ, ಕೈಯಲ್ಲಿ ಸುತ್ತಿಗೆ. ಸಿದ್ದರಾಮೇಶ ಹೊಲಿಗೆಗೆ ಹೋಗುತ್ತಿದ್ದ ರಾಯದುರ್ಗದ ಜೀನ್ಸ್ ಯೂನಿಟ್ಟಿನ ಮಾಲೀಕ ದೊಡ್ಡಮಲ್ಲಪ್ಪನಿಗೆ ಒಂದು ಚಿಂತೆಯಿತ್ತು. ಮಧ್ಯಾಹ್ನ ಊಟಕ್ಕೆಂದು ಬಸ್ ನಿಲ್ದಾಣದ ಕಡೆ ಹೋದ ಟೈಲರುಗಳು ಚಹಾ ಕುಡಿದು, ಬೀಡಿ ಸೇದಿ, ಊರ ಸುದ್ದಿ ಮುಗಿಸಿ ಬರುವಷ್ಟರಲ್ಲಿ ನಾಲ್ಕು ಗಂಟೆಯಾಗುತ್ತಿತ್ತು. ಅವರನ್ನು ಒಳಗೇ ಕಟ್ಟಿಹಾಕಲು ಆತ ಬಳ್ಳಾರಿಯಿಂದ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ತಂದು ಊಟದ ಕೋಣೆಯ ಟಿವಿಗೆ ಜೋಡಿಸಿದ. ಅದರ ಜೊತೆ ಬಂದದ್ದು ಎರಡು ಗೊಂಬೆ. ಗೊಂಬೆಯ ಪೀಠದೊಳಗೆ ಒಂದು ಚಿಪ್ ಇರುತ್ತದೆ. ಪೀಠವನ್ನು ಆಟದ ರಿಮೋಟಿಗೆ ತಾಗಿಸಿದರೆ ಅದೇ ಗೊಂಬೆ ಟಿವಿಯೊಳಗೆ ಜೀವ ತಳೆದು ಕಾಳಗಕ್ಕೆ ಇಳಿಯುತ್ತದೆ. ಆಮೇಲೆ ಯಾರೂ ಗುಂಡಿ ಒತ್ತಬೇಕಿಲ್ಲ. ತಾನೇ ಹೊಡೆಯುತ್ತದೆ, ತಾನೇ ಬೀಳುತ್ತದೆ. ಅದರೊಡನೆ ದಿನವೂ ಆಡುವವನ ಚಾಳಿ ಯಾವುದೋ ಅದನ್ನೇ ಕಲಿಯುತ್ತದೆ.

ಹೀಗಾಗಿ ಅಲ್ಲಿನ ಇನ್ನೊಬ್ಬ ಟೈಲರು ವಾಗೀಶ ಸಾಕಿದ ಗೂಳಿಮುಖದ ಗೊಂಬೆ, ವಾಗೀಶನಂತೆಯೇ ಕಂಡವರ ಮೇಲೆ ನುಗ್ಗುತ್ತಿತ್ತು. ಸಿದ್ದರಾಮೇಶ ಆರು ತಿಂಗಳು ಸಾಕಿದ ಬಂಟ, ಪೆಟ್ಟು ಬೀಳುವ ಮೊದಲೇ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಸಿದ್ದರಾಮೇಶನೂ ಸಂತೆಯಲ್ಲಿ ಕುರಿ ಎದುರಾದರೆ ದಾರಿ ಬಿಡುವ ಮನುಷ್ಯ.

ಇವರಿಬ್ಬರ ನಡುವಿನ ವ್ಯಾಜ್ಯ ಒಂದು ಕಿಟಕಿಯದು. ಯೂನಿಟ್ಟಿನ ಹನ್ನೆರಡು ಮಷೀನಿಗೆ ಇದ್ದದ್ದು ಒಂದೇ ಕಿಟಕಿ. ನರಳದೆ ತಿರುಗುವ ಒಂದೇ ಫ್ಯಾನು ಇದ್ದದ್ದೂ ಅದರ ಮುಂದೆಯೇ. ಅಲ್ಲಿ ವಾಗೀಶ ನಾಲ್ಕು ವರ್ಷದಿಂದ ಕೂತಿದ್ದ. ಸಿದ್ದರಾಮೇಶನ ಮಷೀನು ಇಸ್ತ್ರಿ ಮೇಜಿನ ಪಕ್ಕ. ಅಲ್ಲಿನ ಹಬೆಯಲ್ಲಿ ಅವನು ತಟ್ಟೆಯ ಇಡ್ಲಿಯ ಹಾಗೆ ಬೇಯುತ್ತಿದ್ದ. ಬೇಸಿಗೆಯಲ್ಲಿ ಎದ್ದ ಬೆವರುಸಾಲೆ ದಸರೆಗೂ ಆರುತ್ತಿರಲಿಲ್ಲ. ಮೂಗಿನ ತುದಿಯ ಬೆವರು ಜೇಬಿನ ಬಟ್ಟೆಯ ಮೇಲೆ ತೊಟ್ಟಿಕ್ಕಿ ಕಲೆಯಾದರೆ ಬೈಗುಳ ಬೇರೆ. ಇಬ್ಬರ ತಕರಾರು ಕೇಳಿ ಕೇಳಿ ಸಾಕಾಗಿ ದೊಡ್ಡಮಲ್ಲಪ್ಪ ಎಲ್ಲರೆದುರು ತೀರ್ಪು ಕೊಟ್ಟಿದ್ದ: ಆಯುಧಪೂಜೆಯ ದಿನ ನಾಲ್ಕು ಗಂಟೆಗೆ ಗೊಂಬೆಗಳು ಬಡಿದಾಡಲಿ. ಗೆದ್ದವನಿಗೆ ಒಂದು ವರ್ಷ ಕಿಟಕಿ. ಸೋತವನು ಆ ವರ್ಷವೆಲ್ಲ ಗೆದ್ದವನ ಸೇವೆ ಮಾಡಬೇಕು. ಹೊತ್ತಿಗೆ ಸರಿಯಾಗಿ ಗೊಂಬೆ ಬರದಿದ್ದರೆ ಸೋತಂತೆ.

ಸಿದ್ದರಾಮೇಶ ತಲೆ ಒರೆಸಿಕೊಳ್ಳುತ್ತ ನಡುಮನೆಗೆ ಬಂದಾಗ ಪೂಜೆ ಮುಗಿದಿತ್ತು. ಪ್ಲಾಸ್ಟಿಕ್ ಪಟ್ಟಿ ಹೆಣೆದ ಸ್ಟೂಲಿನ ಮೇಲೆ ಬಾಳೆಲೆ, ಎಲೆಯ ಮೇಲೆ ಕತ್ತರಿ, ಟೇಪು, ಡಬ್ಬಿ. ನಟ್ಟನಡುವೆ ಬಂಟ. ಹಣೆಗೆ ಮೂರು ಬೆರಳಿನ ವಿಭೂತಿ, ಸುತ್ತಿಗೆಗೆ ಕುಂಕುಮ, ಕೊರಳಿಗೆ ಅರಿಶಿನದ ದಾರ, ಗಡ್ಡದಲ್ಲಿ ಒಂದು ಚೆಂಡುಹೂ.

ಅವನು ಕೈ ಚಾಚುವಷ್ಟರಲ್ಲಿ ತಾಯಿ ಅಂಬಮ್ಮ ಅಡ್ಡ ನಿಂತಳು. ಆ ಮನೆಯಲ್ಲಿ ಪೂಜೆಗೆ ಕೂತ ಆಯುಧವನ್ನು ಮರುದಿನದ ಮಂಗಳಾರತಿಯವರೆಗೆ ಕೂದಲೆಳೆಯಷ್ಟೂ ಕದಲಿಸುವಂತಿರಲಿಲ್ಲ. ತೀರಿಹೋದ ಗಂಡ ಸಣ್ಣಬಸಪ್ಪ ಒಮ್ಮೆ ಪೂಜೆಗಿಟ್ಟ ಮಚ್ಚನ್ನೆತ್ತಿ ಎಳನೀರು ಕೆತ್ತಿದ್ದಕ್ಕೆ ಆ ವರ್ಷ ಎಮ್ಮೆ ಗಬ್ಬ ನಿಲ್ಲಲಿಲ್ಲವೆಂಬುದನ್ನು ಆಕೆ ಪ್ರತಿ ದಸರೆಗೂ ಹೇಳುತ್ತಿದ್ದಳು.

"ಅವ್ವಾ, ಅದು ಆಯುಧ ಅಲ್ಲ, ಆಟದ ಗೊಂಬಿ."

"ಕೈಯಾಗ ಸುತ್ತಿಗಿ ಐತಿ. ಆಯುಧ ಅಲ್ಲಂತ ಹೆಂಗ ಅಂತಿ?"

ಹೆಂಡತಿಯ ಕಡೆ ನೋಡಿದ. ತನುಶ್ರೀ ಮಡಕಶಿರದವಳು; ಗಲಾಟೆಯಲ್ಲಿ ದನಿ ಏರಿಸುವವಳಲ್ಲ. "ಇರೋದೆಲ್ಲಾ ಇಡು ಅಂದೋರು ನೀವೇ ಅಲ್ವಾ?" ಎಂದಳು.

ತಾಯಿ ಒಗ್ಗರಣೆಗೆಂದು ಒಳಗೆ ಹೋದದ್ದನ್ನು ನೋಡಿಕೊಂಡು ಸಿದ್ದರಾಮೇಶ ಹಾಲಿಗೆ ಬಂದ ಬೆಕ್ಕಿನಂತೆ ಸ್ಟೂಲಿನ ಹತ್ತಿರ ಸರಿದ. ಆದರೆ ಎದುರು ಮನೆಯ ಗುರುಬಸಮ್ಮನ ಕಣ್ಣು ಆ ಬಾಗಿಲಿನ ಮೇಲೆಯೇ ಇತ್ತು. ಶ್ರಾವಣದಲ್ಲಿ ಮಠದ ಪುರಾಣಕ್ಕೆ ಒಂದು ದಿನವೂ ತಪ್ಪದೆ ಹೋಗಿ ಕೇಳುವ ಆಕೆಗೆ ಸಾದಾ ಮಾತೂ ರಾಗದಲ್ಲೇ ಬರುತ್ತಿತ್ತು. ಅಂಬಕ್ಕ, ನಿನ್ನ ಮಗ ದೇವರಿಗೆ ಕೈ ಹಾಕ್ಯಾನ ಎಂದು ಆಕೆ ಎಳೆದ ರಾಗಕ್ಕೆ ಅರ್ಧ ಓಣಿ ಬಾಗಿಲಲ್ಲಿ ಸೇರಿತು. ಗಡ್ಡದ ದೇವರು ಯಾರೆಂದು ಒಬ್ಬರು ಕೇಳಿದರು. ಗೊತ್ತಿಲ್ಲ ಎನ್ನುವುದು ಗುರುಬಸಮ್ಮನ ಜಾಯಮಾನವಲ್ಲ. ಶಿವನ ದಂಡಿನಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವವನು ಎಂದು ಹೇಳಿಬಿಟ್ಟಳು. ಹನ್ನೊಂದು ಗಂಟೆಯ ಹೊತ್ತಿಗೆ ಬಂಟನ ಮುಂದೆ ಏಳು ತೆಂಗಿನಕಾಯಿ ಒಡೆದು ಕೂತಿದ್ದವು. ಇನ್ನು ಅವನನ್ನು ಎತ್ತುವ ಮಾತೇ ಇರಲಿಲ್ಲ.

ಸಿದ್ದರಾಮೇಶ ಮಾಲೀಕನಿಗೆ ಫೋನು ಮಾಡಿ ಸಂಕಟ ತೋಡಿಕೊಂಡ. ವಾಗೀಶ ಅಲ್ಲೇ ಇದ್ದ. ಬಂಟ ಬರದಿದ್ದರೆ ತಾನು ಗೆದ್ದಂತೆ ಎಂದು ಅವನು ನಗುವುದು ಫೋನಿನಲ್ಲೇ ಕೇಳಿಸಿತು. ಆದರೆ ದೊಡ್ಡಮಲ್ಲಪ್ಪನಿಗೆ ಕಾಳಗ ನೋಡುವ ಆಸೆ ಬಹಳವಿತ್ತು. ಮಷೀನುಗಳಿಗೆಲ್ಲ ಪೂಜೆಯಾಗಿದೆ, ಅವು ಕದಲುವಂತಿಲ್ಲ. ಟಿವಿಗೆ ಮತ್ತು ಗೇಮಿನ ಪೆಟ್ಟಿಗೆಗೆ ಕುಂಕುಮ ಹಚ್ಚುವುದನ್ನು ಪುಣ್ಯಕ್ಕೆ ಮರೆತಿದ್ದೆ ಎಂದ. ಮೂರೂವರೆಗೆ ಗೂಡ್ಸ್ ಆಟೋದಲ್ಲಿ ಟಿವಿ, ಪೆಟ್ಟಿಗೆ, ಮಾಲೀಕ, ವಾಗೀಶ, ಅವನ ಗೂಳಿ ಮತ್ತು ಎಂಟು ಮಂದಿ ಟೈಲರುಗಳು ಸಿದ್ದರಾಮೇಶನ ಮನೆಯ ಮುಂದೆ ಇಳಿದರು.

ಅಂಬಮ್ಮ ಎಲ್ಲರಿಗೂ ಕಾಲು ತೊಳೆಸಿದಳು, ಹಣೆಗೆ ವಿಭೂತಿ ಹಚ್ಚಿದಳು. ವಾಗೀಶ ತನಗೆ ತಡವಾಗುತ್ತದೆಂದಾಗ ಅವನಿಗೆ ಎರಡು ಸಲ ಹಚ್ಚಿದಳು. ಟಿವಿ ಜೋಡಿಸಿ, ಗೂಳಿಯ ಪೀಠವನ್ನು ರಿಮೋಟಿಗೆ ತಾಗಿಸಿದ್ದೇ ಪರದೆಯ ಮೇಲೆ ಗೂಳಿ ಕಾಲು ಕೆರೆಯುತ್ತ ನಿಂತಿತು. ಬಂಟನದೇ ತೊಡಕು. ಅವನ ಪೀಠ ಬಾಳೆಲೆಗೆ ಅಂಟಿಕೊಂಡಿತ್ತು. ಎತ್ತದೆ ರಿಮೋಟು ತಾಗಿಸುವುದು ಹೇಗೆ? ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ. ವಾಗೀಶ ಗೂಳಿಯನ್ನು ಜೇಬಿಗೆ ಇಳಿಸಿಕೊಂಡು, ನಡೀರಿ ಹೋಗೋಣ ಎಂದ.

ತನುಶ್ರೀ ಕಾಫಿ ಲೋಟ ಹಂಚುತ್ತಲೇ ಕೇಳಿದಳು: "ಸ್ಟೂಲು ಪಟ್ಟಿದು. ಕೆಳಗಿಂದ ಇಟ್ರೆ ಆಗಕ್ಕಿಲ್ವಾ?"

ಎಲ್ಲರೂ ಬಗ್ಗಿ ಸ್ಟೂಲಿನ ತಳ ನೋಡಿದರು. ಆಮೇಲೆ ಸಿದ್ದರಾಮೇಶ ಹೊಸ ಅಂಗಿಯಲ್ಲೇ, ಲಾರಿಯ ಕೆಳಗೆ ನುಗ್ಗುವ ಮೆಕ್ಯಾನಿಕ್ಕಿನಂತೆ, ಸ್ಟೂಲಿನ ಕೆಳಗೆ ಅಂಗಾತ ತೂರಿಕೊಂಡ. ಪಟ್ಟಿಗಳ ಸಂದಿಯಿಂದ ತೆಂಗಿನಕಾಯಿಯ ನೀರು ಸೋರಿ ಎಡಗಣ್ಣಿಗೆ ಬಿತ್ತು. ಬಂಟನ ನೇರ ಕೆಳಗೆ ರಿಮೋಟು ಒತ್ತಿ ಹಿಡಿದು ಸ್ವಾಮೀ ಎಂದ. ಬಾಳೆಲೆ ಚಿಪ್ಪಿಗೆ ಅಡ್ಡಿಯಾಗಲಿಲ್ಲ; ಟಿವಿ ಟಣ್ ಎಂದಿತು. ಬಂಟ ಪರದೆಯ ಮೇಲೆ ಹಾರಿ ನಿಂತ. ಹಣೆಯ ವಿಭೂತಿ ಅಲ್ಲಿ ಯಾಕಿಲ್ಲವೆಂದು ಗುರುಬಸಮ್ಮ ಆಕ್ಷೇಪಿಸಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಿದ್ದರಾಮೇಶ ಹೊರಗೆ ಬರಲು ಮೈ ಅಲುಗಿಸಿದ್ದೇ ಸ್ಟೂಲು ಅಲುಗಿತು. "ಹಂಗ ಮಲಕ್ಕೊ," ಎಂದಳು ತಾಯಿ. "ಅವನು ಕದಲಿದರ ನೀನು ಮನಿ ಒಳಗ ಇರಂಗಿಲ್ಲ."

ಹೀಗೆ, ಆರು ತಿಂಗಳಿಂದ ಕನಸಿನಲ್ಲಿ ಕಂಡ ಕಾಳಗವನ್ನು ಸಿದ್ದರಾಮೇಶ ನೋಡಲಿಲ್ಲ, ಕೇಳಿದ. ಕಣ್ಣಿಗೆ ಕಂಡದ್ದು ಬಾಳೆಲೆಯ ತಳ ಮತ್ತು ಓಣಿಯವರ ಪಾದಗಳು. ಉಳಿದದ್ದೆಲ್ಲ ಕಿವಿಗೆ, ಅದೂ ಗುರುಬಸಮ್ಮನ ರಾಗದಲ್ಲಿ. ಆಕೆ ಪುರಾಣ ಓದುವವರ ಹಾಗೆ ತೊಡೆ ತಟ್ಟಿಕೊಂಡು ಹೇಳುತ್ತ ಹೋದಳು. ಗೂಳಿ ಬಂದಿತು, ಭೂಮಿ ನಡುಗಿತು, ಬಂಟ ಸರಿದ. ಗೂಳಿ ತಿರುಗಿತು, ಧೂಳು ಮುಸುಕಿತು, ಬಂಟ ಮತ್ತೆ ಸರಿದ. ಮೂರನೆಯ ಸಲ ಸರಿಯಲು ಜಾಗವಿರಲಿಲ್ಲ. ಬಂಟ ಆಟದ ಅಂಗಳದ ಅಂಚಿನಿಂದ ಪಾತಾಳಕ್ಕೆ ಬಿದ್ದ. ಓಣಿಯೆಲ್ಲ ಅಯ್ಯೋ ಎಂದಿತು. ಬಿದ್ದವನು ಹೊಸ ಜೀವ ಪಡೆದು ಬಂದ, ಮತ್ತೆ ಬಿದ್ದ. ಮೂರು ಸಲ ಬಿದ್ದವನು ಸೋತಂತೆ. ಗೂಳಿ ಇನ್ನೂ ಒಮ್ಮೆಯೂ ಬಿದ್ದಿರಲಿಲ್ಲ.

"ನಿನ್ನ ಗೊಂಬಿ ನಿನ್ನಂಗ ಐತಲೇ ಸಿದ್ದ," ಎಂದ ವಾಗೀಶ, ಸ್ಟೂಲಿನ ಕಡೆ ಬಗ್ಗಿ. "ಓಡೋದೊಂದ ಗೊತ್ತು ಅದಕ್ಕ."

ಸಿದ್ದರಾಮೇಶ ಕಣ್ಣು ಮುಚ್ಚಿದ. ಇಸ್ತ್ರಿ ಮೇಜಿನ ಹಬೆ ಮುಖಕ್ಕೆ ಹೊಡೆದಂತಾಯಿತು. ಇನ್ನೊಂದು ವರ್ಷ ಆ ಹಬೆ. ಅದರ ಮೇಲೆ ವಾಗೀಶನಿಗೆ ಚಹಾ ಹೊರುವುದು. ಆಗ ಗುರುಬಸಮ್ಮನ ರಾಗ ಏರಿತು. ಬಂಟ ಈ ಸಲ ಅಂಚಿಗೇ ಹೋಗಿ ನಿಂತಿದ್ದಾನೆ, ಸುತ್ತಿಗೆ ಕೆಳಗಿಳಿಸಿದ್ದಾನೆ, ಬಾ ಎನ್ನುವಂತೆ ನಿಂತಿದ್ದಾನೆ. ಗೂಳಿ ಕೊಂಬು ಬಗ್ಗಿಸಿ ಬಂತು, ಬಂಟ ಒಂದು ಹೆಜ್ಜೆ ಪಕ್ಕಕ್ಕೆ ಸರಿದ, ಗೂಳಿ ತನ್ನ ಓಟದಲ್ಲೇ ಪಾತಾಳಕ್ಕೆ ಹೋಯಿತು. ಎದ್ದು ಬಂತು, ಮೊದಲಿಗಿಂತ ಸಿಟ್ಟಿನಲ್ಲಿ ನುಗ್ಗಿತು, ಬಂಟ ಸರಿದ, ಹೋಯಿತು. ಸಿದ್ದರಾಮೇಶನಿಗೆ ಕಂಡದ್ದು ವಾಗೀಶನ ಪಾದದ ಬೆರಳುಗಳು ನೆಲ ಕಚ್ಚಿಕೊಂಡದ್ದು. ಗೂಳಿ ಕೊನೆಯ ಸಲ ಬರುತ್ತಿದೆ ಎಂದು ಗುರುಬಸಮ್ಮ ಸ್ವರ ಎಳೆದಳು, ಎಳೆದಳು, ತಟ್ಟನೆ ನಿಲ್ಲಿಸಿ, ಸಾದಾ ಮಾತಿನಲ್ಲಿ ಹೇಳಿದಳು: "ಬಂಟ ಸರದ."

ಮನೆ ಹಾರಿಹೋಗುವಂಥ ಕೇಕೆ. ಬಾರಿಸುವ ಹಲಗೆ ತರಲು ಯಾರೋ ಓಡಿದರು. ಟೈಲರುಗಳು ಸ್ಟೂಲು ಕದಲದಂತೆ ಸಿದ್ದರಾಮೇಶನ ಕಾಲು ಹಿಡಿದು ಮೆಲ್ಲಗೆ ಹೊರಗೆಳೆದು ಹೆಗಲಿಗೇರಿಸಿದರು. ಕಣ್ಣಿನಲ್ಲಿ ಕಾಯಿನೀರು, ಬೆನ್ನಿಗೆ ನೆಲದ ಅರಿಶಿನ. ಅವನ ಮುಖ ಮಾತ್ರ ಹುಣ್ಣಿಮೆಯಾಗಿತ್ತು. ಕುರಿಗೆ ದಾರಿ ಬಿಡುವ ಬುದ್ಧಿಯೇ ಇವತ್ತು ಗೂಳಿಯನ್ನು ಕೆಡವಿತ್ತು. ಎರಡು ಮಾತಾಡು ಎಂದು ದೊಡ್ಡಮಲ್ಲಪ್ಪ ಹೇಳಿದ. ಹೊಗಳಿಸಿಕೊಂಡಾಗ ತಲೆ ತಗ್ಗಿಸಬೇಕೆಂದು ಆ ಮನೆಯಲ್ಲಿ ಚಿಕ್ಕಂದಿನಿಂದ ಕಲಿಸಿದ್ದರು. ಸಿದ್ದರಾಮೇಶ ಹೆಗಲಿನಿಂದಿಳಿದು ಸ್ಟೂಲಿನ ಮೇಲಿದ್ದ ಬಂಟನಿಗೆ ಕೈ ಮುಗಿದು ತೋರಿಸಿದ.

"ನಂದೇನೂ ಇಲ್ರಿ. ಗೆದ್ದಾವ ಈ ಗೊಂಬಿ. ನಾನು ಕೆಳಗ ಮಲಗಿದ್ದೆ, ಅಷ್ಟ."

ಎಂಥ ವಿನಯ ಎಂದು ಓಣಿ ಕೊಂಡಾಡಿತು. ವಾಗೀಶ ಮಾತ್ರ ಕೊಂಡಾಡಲಿಲ್ಲ. ಆ ಮಾತನ್ನು ಮತ್ತೊಮ್ಮೆ ಹೇಳಿಸಿಕೊಂಡು ಕೇಳಿದ.

ಮರುದಿನ ಮಂಗಳಾರತಿಯಾದದ್ದೇ ಮೆರವಣಿಗೆ ಹೊರಟಿತು. ಮುಂದೆ ಹಲಗೆ, ಹಿಂದೆ ಹಿತ್ತಾಳೆಯ ತಟ್ಟೆಯಲ್ಲಿ ಬಂಟನನ್ನು ಹೊತ್ತ ಅಂಬಮ್ಮ, ಪಕ್ಕದಲ್ಲಿ ಗುರುಬಸಮ್ಮನ ರಾಗ. ನಡುವೆ ಹೂಮಾಲೆ ಹಾಕಿಕೊಂಡ ಸಿದ್ದರಾಮೇಶ. ಕಂಕುಳಲ್ಲಿ ಕಿಟಕಿ ಪಕ್ಕದ ಕುರ್ಚಿಗೆಂದು ತನುಶ್ರೀ ಹೊಲಿದುಕೊಟ್ಟ ಹತ್ತಿಯ ದಿಂಬು. ಅಂಗಡಿಯವರು ಎದ್ದು ನಿಂತು ನೋಡಿದರು. ಅವನು ಬದುಕಿನಲ್ಲಿ ಮೊದಲ ಸಲ ಯಾರಿಗೂ ದಾರಿ ಬಿಡದೆ ರಸ್ತೆಯ ನಡುವೆಯೇ ನಡೆದ.

ಯೂನಿಟ್ಟಿನ ಬಾಗಿಲಲ್ಲಿ ದೊಡ್ಡಮಲ್ಲಪ್ಪ ಬನ್ನಿ ಕೊಟ್ಟು ಬರಮಾಡಿಕೊಂಡ. ಕಿಟಕಿ ತೆರೆದಿತ್ತು. ಫ್ಯಾನು ತಿರುಗುತ್ತಿತ್ತು. ಮಷೀನಿನ ಮೇಲ್ಮೈ ಒರೆಸಿ ರಂಗೋಲಿ ಹಾಕಿದ್ದರು. ಸಿದ್ದರಾಮೇಶ ಕುರ್ಚಿಯ ಮೇಲೆ ದಿಂಬು ಇಡಲು ಬಗ್ಗಿದ. ವಾಗೀಶ ಆ ದಿಂಬನ್ನು ಎರಡೂ ಕೈಯಲ್ಲಿ ಗೌರವದಿಂದ ಇಸಿದುಕೊಂಡು ಮಷೀನಿನ ಪಕ್ಕದ ಮೇಜಿನ ಮೇಲೆ ಇಟ್ಟ. ಅಂಬಮ್ಮನ ತಟ್ಟೆಯಿಂದ ಬಂಟನನ್ನು ಇಳಿಸಿ ಅದರ ಮೇಲೆ ಕೂರಿಸಿದ.

"ಗೆದ್ದಾವನಿಗೆ ಕಿಟಕಿ ಅಂತ ಸಾಹುಕಾರ್ರು ಹೇಳ್ಯಾರ," ಎಂದ. "ಗೆದ್ದಾವ ಯಾರಂತ ನಿನ್ನೆ ನೀನ ಹೇಳಿದಿ. ಎರಡು ಸಲ."

ಸಿದ್ದರಾಮೇಶ ಮಾಲೀಕನ ಮುಖ ನೋಡಿದ. ದೊಡ್ಡಮಲ್ಲಪ್ಪ ಗದ್ದ ತುರಿಸಿಕೊಂಡು, ಹೇಳಿದ್ದನ್ನು ಓಣಿಯೆಲ್ಲ ಕೇಳಿದೆ, ತಾನೇನು ಮಾಡಲಿ ಎಂದ. ತಾನೇ ಆಡಿದ್ದು ಸುಳ್ಳೆಂದು ಸಿದ್ದರಾಮೇಶ ತಾಯಿಯೆದುರು, ಪೂಜೆಗೆ ಕೂತಿದ್ದ ಬಂಟನೆದುರು, ಹೇಗೆ ಹೇಳುವುದು? ಹಾಗಾದರೆ ಈ ಮಷೀನಿನಲ್ಲಿ ಹೊಲಿಯುವವರು ಯಾರು ಎಂದು ಸಿದ್ದರಾಮೇಶ ಸಣ್ಣ ದನಿಯಲ್ಲಿ ಕೇಳಿದ.

"ಸೋತಾವ ಸೇವಾ ಮಾಡಬೇಕು," ಎಂದ ವಾಗೀಶ, ಬಂಟನಿಗೆ ಕೈ ಮುಗಿದು ಕುರ್ಚಿಯ ಮೇಲೆ ಕೂರುತ್ತ. "ನನ್ನ ಗೂಳಿ ಸೋತದ್ದು ಅಂದ್ರ ನಾನ ಸೋತಂಗ. ಒಪ್ಪಿಗೊಂಡೀನಿ. ಈತನಿಗೆ ಹೊಲಿಯಾಕ ಕೈ ಬರಂಗಿಲ್ಲ, ಈತನ ಪರವಾಗಿ ನಾನ ಹೊಲೀತೀನಿ. ಒಂದು ವರ್ಷ ಈತನ್ನ ಬಿಟ್ಟು ಏಳಂಗಿಲ್ಲ."

ಗುರುಬಸಮ್ಮ ಅವನ ಭಕ್ತಿಗೆ ಕಣ್ಣು ಒರೆಸಿಕೊಂಡಳು. ಟೈಲರುಗಳು ಚಪ್ಪಾಳೆ ತಟ್ಟಿದರು. ಹಲಗೆ ಮತ್ತೊಂದು ಸುತ್ತು ಬಡಿಯಿತು. ಹನ್ನೊಂದು ಗಂಟೆಗೆ ಇಸ್ತ್ರಿ ಮೇಜು ಬುಸ್ಸೆಂದು ಹಬೆ ಬಿಟ್ಟಾಗ ಸಿದ್ದರಾಮೇಶ ಹೂಮಾಲೆ ತೆಗೆದು ಗೂಟಕ್ಕೆ ಹಾಕಿ ಜೇಬು ಹೊಲಿಯುತ್ತಿದ್ದ.

ಖಾಲಿ ತಟ್ಟೆ ಹಿಡಿದು ಮನೆಗೆ ಹೊರಟ ಅಂಬಮ್ಮ ಮಗನ ಮಷೀನಿನ ಹತ್ತಿರ ನಿಂತಳು. ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು. ಆಮೇಲೆ ಕಿಟಕಿಯ ಕಡೆ ನೋಡಿದಳು. ಅಲ್ಲಿ ದಿಂಬಿನ ಮೇಲೆ, ಫ್ಯಾನಿನ ಗಾಳಿಗೆ ಕೊರಳಿನ ಅರಿಶಿನದ ದಾರ ಹಾರಾಡಿಸುತ್ತ, ಬಂಟ ಊರು ಗೆದ್ದವನಂತೆ ಕೂತಿದ್ದ.

"ನೋಡು, ಹೆಂಗ ತಣ್ಣಗ ಕುಂತಾನ," ಎಂದಳು. "ನೀನೂ ಅವನ್ನ ನೋಡಿ ಒಂದಿಷ್ಟು ಕಲಿ."