ಸಪ್ಪಳವಿಲ್ಲದ ಕೆಲಸ

ಈ ಮಾತನ್ನು ಹೇಳುವುದನ್ನು ಮೂರು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಮುಂದೂಡುವುದರಲ್ಲಿ ನನ್ನ ಕೈ ಪಳಗಿದೆ. ಹಲ್ಲು ಕೀಳಿಸುವುದನ್ನು ಎಷ್ಟು ಮುಂದೂಡಿದೆನೆಂದರೆ, ಕೊನೆಗೆ ಹಲ್ಲೇ ಬೇಸತ್ತು ಒಂದು ದಿನ ರೊಟ್ಟಿಯ ಜೊತೆ ಬಂದುಬಿಟ್ಟಿತು. ತಪ್ಪು ಹಾಗೆ ತಾನಾಗಿ ಉದುರುವುದಿಲ್ಲ.

ರಬಕವಿಯಲ್ಲಿ ನಮ್ಮದು ನೇಕಾರರ ಮನೆ. ಪಡಸಾಲೆಯಲ್ಲಿ ನಾಲ್ಕು ಪಾವರ್‌ಲೂಮ್, ಒಳಗೆ ನಾವು. ಬೇರೆಯವರಿಗೆ ಸಪ್ಪಳವಾದರೆ ಎಚ್ಚರವಾಗುತ್ತದೆ. ನಮಗೆ ಕರೆಂಟು ಹೋಗಿ ಸಪ್ಪಳ ನಿಂತರೆ ಎಚ್ಚರ. ಹೊರಗೆ ಕಟ್ಟೆಯ ಮೇಲೆ ಕೂತೇ ಯಾವ ಮಗ್ಗ ನಿಂತಿದೆ, ಯಾವನು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾನೆ ಎಂದು ಕಿವಿಯಿಂದ ಹೇಳಬಲ್ಲೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಸುಮ್ಮನೆ ಕೂತರೂ "ಏನಾತು?" ಎಂದು ಓಡಿ ಹೋಗುತ್ತಿದ್ದೆ. "ಏನೂ ಆಗಿಲ್ರಿ, ಬಾಯಿ ಮುಚ್ಚಿಕೊಂಡೇನಿ ಅಷ್ಟ," ಅನ್ನುತ್ತಿದ್ದಳು.

ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಾಗ ಆಕೆಗೆ ಎಂಬತ್ತೆಂಟು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಆಪರೇಷನ್ ಮಾಡಿ, ಮೂತ್ರಕ್ಕೆ ನಳಿಗೆ ಹಾಕಿ ಮನೆಗೆ ಕಳಿಸುವಾಗ ಡಾಕ್ಟರು ಒಂದೇ ಮಾತು ಒತ್ತಿ ಹೇಳಿದರು: "ಎರಡೆರಡು ತಾಸಿಗೆ ಹೊರಳಸ್ರಿ. ಬೆನ್ನಿಗೆ ಹುಣ್ಣಾದರ ಸಕ್ಕರಿ ಮೈಯಾಗ ಮಾಯೂದಿಲ್ಲ." ಹೆಂಡತಿಗೆ ಮೊಣಕಾಲು ನೋವು, ನನಗೆ ನಾಚಿಕೆ. ಐವತ್ತು ವರ್ಷ ಊರ ಹೆಂಗಸರಿಗೆಲ್ಲ ಸೀರೆ ನೇಯಿಸಿದವನು ಹೆತ್ತವಳ ಸೀರೆ ಬದಲಿಸಲು ನಾಚಿದೆ.

ಬನಹಟ್ಟಿಯಿಂದ ಒಬ್ಬ ಹೆಂಗಸು ಸಿಕ್ಕಳು. ದವಾಖಾನೆಯಲ್ಲಿ ಆಯಾ ಆಗಿ ದುಡಿದವಳು, ಮಾತು ಕಡಿಮೆ. ಬೆಳಿಗ್ಗೆ ಬಂದು ಅವ್ವನ ಮೈ ಒರೆಸುವಳು, ಮೂತ್ರದ ಚೀಲ ಖಾಲಿ ಮಾಡುವಳು, ಇನ್ಸುಲಿನ್ ಚುಚ್ಚುವಳು, ಹೊತ್ತು ನೋಡಿ ಹೊರಳಿಸುವಳು. ಇಷ್ಟೆಲ್ಲ ಮಾಡಿದರೂ ಒಂದು ಲೋಟದ ಸಪ್ಪಳವಿಲ್ಲ. ನನಗೆ ಸಂಶಯ ಹತ್ತಿತು. ಸಪ್ಪಳವಿಲ್ಲವೆಂದರೆ ಮಗ್ಗ ನಿಂತಿದೆ ಎಂದೇ ಅರ್ಥ. "ಏ ಬಾಯಿ, ಏನ್ ಮಾಡಾಕತ್ತೀ?" ಎಂದು ಕಟ್ಟೆಯಿಂದಲೇ ತಾಸಿಗೆ ನಾಲ್ಕು ಸಲ ಕೂಗತೊಡಗಿದೆ. ಪ್ರತಿಸಲವೂ ಅವ್ವ ಬೆಚ್ಚಿ ಕಣ್ಣು ಬಿಡುವಳು.

ಕೆಲವು ದಿನಗಳಲ್ಲಿ ಒಳಗಿನಿಂದ ಆಗಾಗ ಠಣ್ ಠಣ್ ಎಂದು ಕೇಳತೊಡಗಿತು. ನನಗೆ ಸಮಾಧಾನವಾಯಿತು. ಆಕೆ ಚಮಚದಿಂದ ಖಾಲಿ ತಾಟು ಬಡಿಯುತ್ತಾಳೆಂದು ಹೆಂಡತಿ ನಗುತ್ತ ಹೇಳಿದ ಮೇಲೆಯೇ ತಿಳಿದದ್ದು. ಹಾಗೆ ಹೇಳಿಕೊಟ್ಟವಳು ಅವ್ವನೇ: "ಒಂದೀಟು ಬಾರಸು ಬೇ, ಅವಗ ಸಮಾಧಾನ ಆಗಲಿ. ಸಣ್ಣಾಂವ ಇದ್ದಾಗೂ ಗಿಲಕಿ ಆಡಿಸಿದರನ ಸುಮ್ಮನಾಗತಿದ್ದ." ಮನೆಮಂದಿಯೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಹಲ್ಲು ಕಚ್ಚಿಕೊಂಡು.

ಒಂದು ಮಧ್ಯಾಹ್ನ ತಾಟೂ ಸುಮ್ಮನಾಯಿತು. ಎದ್ದು ಹೋಗಿ ನೋಡಿದೆ. ಅವ್ವ ಮಲಗಿದ್ದಳು. ಆ ಹೆಂಗಸು ನೆಲದ ಮೇಲೆ ಕೂತು, ಮಂಚಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು.

"ನಿದ್ದಿ ಮಾಡಾಕ ಬರತೀಯೇನ ಇಲ್ಲಿ?"

"ಸಾವಕಾಶ ಮಾತಾಡ್ರಿ ಮಾಲಕರ. ಈಗರ ಕಣ್ಣ ಹತ್ಯಾವು."

"ಯಾರ ಕಣ್ಣ? ಆಕಿವೋ, ನಿನ್ನವೋ?"

ನನ್ನ ದನಿಗೆ ಬಾಗಿಲಿಗೆ ಬಂದಿದ್ದ ಮಗ್ಗದವರು ಕಿಸಕ್ಕನೆ ನಕ್ಕರು. ನಾಲ್ಕು ಜನ ನಕ್ಕರೆ ನಾನು ನಿಲ್ಲುವವನಲ್ಲ. "ಹೇಳವಾ, ನಿನಗೂ ಒಂದ ಹೊರಸ ಹಾಕಸ್ತೀನಿ," ಅಂದೆ.

ಆಕೆ ಅವ್ವನ ಬೆನ್ನ ಕೆಳಗಿನಿಂದ ತನ್ನ ಕೈಯನ್ನು ನಿಧಾನವಾಗಿ ಎಳೆದುಕೊಂಡಳು. ಬೆನ್ನಲ್ಲಿ ಒಂದು ಕಡೆ ಕೆಂಪಾಗಿತ್ತು. ದಿಂಬಿಟ್ಟರೆ ಅವ್ವ ನರಳುತ್ತಿದ್ದಳಂತೆ, ಅದಕ್ಕೇ ಕೈ ಕೊಟ್ಟು ಕೂತಿದ್ದಳು. ಮಂಚದ ಪಟ್ಟಿ ಒತ್ತಿ ಮೊಣಕೈ ನೀಲಿಗಟ್ಟಿತ್ತು. ಆ ಕೈ ಜೋಮು ಹಿಡಿದಿದ್ದರಿಂದ ಇನ್ನೊಂದರಲ್ಲಿ ತನ್ನ ಕೈಚೀಲ ಹಿಡಿದುಕೊಂಡು ಹೊರಟುಹೋದಳು. ಮರುದಿನ ಬರಲಿಲ್ಲ.

ಆಮೇಲೆ ನಾನೇ ಹೊರಳಿಸಿದೆ, ನೂಲಿನ ಬೇಲು ಹೊರಳಿಸಿದ ಹಾಗೆ. ಎಂಟು ದಿನಕ್ಕೆ ಕೆಂಪು ಒಡೆದು ಹುಣ್ಣಾಯಿತು. "ಆಕಿನ್ನ ಕರಕೊಂಬಾರೋ," ಎಂದು ಅವ್ವ ದಿನವೂ ಅನ್ನುವಳು. "ಮಗಳ ಬಾಣಂತನಕ್ಕ ಮುಧೋಳಕ್ಕ ಹೋಗ್ಯಾಳ ಯವ್ವಾ," ಅಂದೆ. ಆಕೆಗೆ ಮಗಳೇ ಇಲ್ಲ. ಅವ್ವ ಬಿಡಲಿಲ್ಲ. ಹೆಣ್ಣೋ ಗಂಡೋ? ಹೆಣ್ಣು. ತೊಟ್ಟಿಲಿಗೆ ಹಾಕಿದರೇನು? ಹಾಕಿದರು. "ನನ್ನ ಹೆಸರೇನರ ಇಟ್ಟಾಳೇನ ಕೇಳು," ಎಂದಳು ಅವ್ವ.

ಅದನ್ನು ತಡೆಯಲಾಗದೆ ಬನಹಟ್ಟಿಗೆ ಹೋದೆ. ಮೊದಲ ಸಲ ಬಾಗಿಲು ಹಾಕಿತ್ತು. ಬದುಕಿದೆನೆಂದು ಹಿಗ್ಗಿ ಮರಳಿ ಬಂದೆ. ಎರಡನೆಯ ಸಲ ಆಕೆ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಥಟ್ಟನೆ ಎದ್ದು ನಿಂತಳು.

"ಬರ್ರಿ ಮಾಲಕರ. ಆಯಿ ಹೆಂಗದಾರ? ಬೆನ್ನಿನ ಕೆಂಪು ಹೋತಿಲ್ರಿ?"

"ಹೋತು. ಆರಾಮ ಅದಾಳ."

"ಅಷ್ಟ ಬೇಕಾಗಿತ್ರಿ ನನಗ. ಇಲ್ಲಂದ್ರ ಈಗ ನಿಮ್ಮ ಜೋಡಿ ಬರತಿದ್ನಿ."

ಈ ಕಡೆ ಬೇರೆ ಕೆಲಸವಿತ್ತು ಎಂದು ಹೇಳಿ, ಚಹಾ ಕುಡಿದು ಬಂದೆ. ಹುಣ್ಣು ಮಾಯಲೇ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಅವ್ವ ಹೋದಳು, ಆಕೆ ಮುಧೋಳದಲ್ಲಿ ಮೊಮ್ಮಗಳನ್ನು ಆಡಿಸುತ್ತಿದ್ದಾಳೆ ಎಂದೇ ನಂಬಿಕೊಂಡು.

ಇಷ್ಟನ್ನೆಲ್ಲ ಬರೆದನಲ್ಲ ಮುದುಕ, ಗಟ್ಟಿಗ, ಎಂದು ನನ್ನನ್ನು ಹೊಗಳಬೇಡಿ. ಆಕೆಗೆ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಬರೆದೆ. ಆಕೆಯ ಹೆಸರು ಕಸ್ತೂರೆವ್ವ.