ಮಾವನ ಎಡೆ, ನನ್ನ ಕಲ್ಲು

ಸತ್ತವರನ್ನು ಸಮಾಧಾನಪಡಿಸುವ ವಿದ್ಯೆ ನನಗೆ ಚೆನ್ನಾಗಿ ಗೊತ್ತು ಎಂದು ನಂಬಿದ್ದೆ. ಬದುಕಿರುವ ಹೆಂಡತಿಯನ್ನೇ ಸಮಾಧಾನಪಡಿಸಲಾರದವನಿಗೆ ಈ ಧೈರ್ಯ ಎಲ್ಲಿಂದ ಬಂತೋ ಕಾಣೆ.

ಹಲಸೂರಿನ ನಮ್ಮ ಮನೆಯಲ್ಲಿ ತೀರಿಹೋದ ಮಾವನ ಫೋಟೊ ಊಟದ ಟೇಬಲ್ಲಿನ ಎದುರಿಗೇ ಇದೆ. ಶಿವಾಜಿನಗರದಿಂದ ಕಬಾಬ್ ತಂದು ಅಲ್ಲಿ ಕೂತು ತಿಂದಾಗಲೆಲ್ಲ, ಸ್ವಲ್ಪ ಹೊತ್ತಿಗೆ ಯಾರೋ ಪಕ್ಕೆಲುಬಿನ ಕೆಳಗೆ ಕೈ ಹಾಕಿ ಹಿಂಡುತ್ತಿದ್ದರು. ಹಿಡಿತ ಬೆನ್ನಿನವರೆಗೂ ಹೋಗುತ್ತಿತ್ತು. ಬೆವರುತ್ತ ತಲೆಯೆತ್ತಿದರೆ ಮಾವ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಗಂಡುಮಕ್ಕಳಿಲ್ಲ, ಪಿತೃಪಕ್ಷದಲ್ಲಿ ಎಡೆ ಇಡುವವನು ನಾನೇ. ಹಿಂದಿನ ವರ್ಷ ಸೋಮಾರಿತನದಿಂದ ಬರೀ ಚಿತ್ರಾನ್ನ ಇಟ್ಟಿದ್ದೆ. ಮಟನ್ ಪ್ರಿಯರಿಗೆ ಚಿತ್ರಾನ್ನ! ಕೋಪ ಬಾರದೆ ಇದ್ದೀತೇ?

ಹೆಂಡತಿ ಮಂಜುಳಾ ಸ್ಕ್ಯಾನ್ ಮಾಡಿಸಿಕೊಳ್ಳಿ ಎಂದು ದಿನಾ ಗೋಗರೆದಳು. ನಿಮ್ಮಪ್ಪ ಸ್ಕ್ಯಾನಿನಲ್ಲಿ ಕಾಣುವುದಿಲ್ಲ ಎಂದು ನಾನು ಗಂಭೀರವಾಗಿ ತಿಳಿಸಿದೆ.

ಈ ಸಲದ ಅಮಾವಾಸ್ಯೆಗೆ ಎಡೆ ಭರ್ಜರಿ. ಮಟನ್ ಸಾರು, ಲಿವರ್ ಫ್ರೈ, ಬೋಟಿ, ವಡೆ. ಹಿರಿಯರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕೂತೆವು. ಒಳಗೆ ಬಾಳೆಲೆ ಸರಸರ ಅಂದಿತು. ಕಿಟಕಿಗೆ ಚಿಲಕ ಹಾಕಿದ್ದು ನಾನೇ. ಬಾಗಿಲು ತೆರೆದಾಗ ದೀಪ ಆರಿತ್ತು, ಲಿವರ್ ತುಂಡೊಂದು ಎಲೆಯಾಚೆ ಬಿದ್ದಿತ್ತು. ಮಾವ ಒಪ್ಪಿದರು ಎಂದುಕೊಂಡು, ಎಡೆ ಮಿಗಿಸಬಾರದೆಂಬ ಭಕ್ತಿಯಿಂದ ಇಡೀ ಎಲೆ ಖಾಲಿ ಮಾಡಿದೆ.

ಅವತ್ತು ಹಿಡಿದ ಕೈ ಬಿಡಲೇ ಇಲ್ಲ. ವಾಂತಿ ಮಾಡಿಕೊಳ್ಳುತ್ತ, ಆಟೊದಲ್ಲಿ ಮುದುಡಿಕೊಂಡು, ಮಾವ ಬಿಟ್ಟುಬಿಡಿ ಎಂದು ಬೇಡಿದೆನಂತೆ. ಆಟೊದವನು ಕನ್ನಡಿಯಲ್ಲಿ ಹಿಂದಿನ ಸೀಟಿನಲ್ಲಿದ್ದವರನ್ನು ಎಣಿಸಿ ಎಣಿಸಿ ನೋಡಿದನಂತೆ.

ಆಸ್ಪತ್ರೆಯ ಡಾಕ್ಟರಮ್ಮ ಸ್ಕ್ಯಾನ್ ತೋರಿಸಿದರು. ಪಿತ್ತಕೋಶದ ತುಂಬ ಕಲ್ಲು. ಜಿಡ್ಡು ತಿಂದಾಗಲೆಲ್ಲ ಆ ಕೋಶ ಹಿಂಡಿಕೊಂಡು ನೋವು ಕೊಡುತ್ತಿತ್ತಂತೆ. ಈಗ ಒಂದು ಕಲ್ಲು ಜಾರಿ ಮೇದೋಜೀರಕ ಗ್ರಂಥಿಯ ನಾಳಕ್ಕೆ ಅಡ್ಡ ಕೂತಿದೆ, ಗ್ರಂಥಿ ಊದಿದೆ, ಇನ್ನೂ ತಡಮಾಡಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು.

ಮಂಜುಳಾ ನನ್ನ ಮಂಚದ ಪಕ್ಕ ಕೂತು ಮೆಲ್ಲಗೆ ಹೇಳಿದಳು. "ಅಪ್ಪನೂ ಹೀಗೇ ಹೊಟ್ಟೆ ಹಿಡ್ಕೊಂಡೇ ಹೋಗಿದ್ದು ರೀ. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿ ಸುಮ್ನೆ ಕೂತಿದ್ವಿ. ಅದಕ್ಕೇ ನಾನು ಅಷ್ಟು ಬಡ್ಕೊಂಡಿದ್ದು."

ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಕಲ್ಲು ತೆಗೆದರು, ಆಮೇಲೆ ಪಿತ್ತಕೋಶವನ್ನೂ ತೆಗೆದರು. ಮನೆಗೆ ಬಂದು ಟೇಬಲ್ಲಿಗೆ ಕೂತೆ. ಮಾವ ಈಗಲೂ ನನ್ನ ತಟ್ಟೆಯನ್ನೇ ನೋಡುತ್ತಾರೆ. ನೋಡಲಿ ಪಾಪ, ಅದರಲ್ಲಿರುವುದು ರವೆ ಗಂಜಿ.